ಆಟಿಸಂ ಮಕ್ಕಳ ಶಾಲೆಗಾಗಿ ನಡಿಗೆ: ಒಂದೇ ದಿನ ಮಂಗಳೂರು–ಉಡುಪಿಯಾ, ತಿಂಗಳಿಡೀ ಸ್ವಲ್ಪ ಸ್ವಲ್ಪವಾ?

ಬಿಜೈಯವ: ಏಪ್ರಿಲ್ 2 ವಿಶ್ವ ಆಟಿಸಂ ಜಾಗೃತಿ ದಿನ ಅಲ್ವಾ. ಆ ತಿಂಗಳು ನಡೆದು, ಊರಿನ ಒಂದು ವಿಶೇಷ ಶಾಲೆಗೆ ಹಣ ಒಟ್ಟು ಮಾಡುವ ಅಂತ ನಾಲ್ಕು ಜನ ಹೊರಟಿದ್ದೇವೆ. ಒಂದೇ ದಿನ ಉಡುಪಿಗೆ ಹೋಗುವುದಾ, ದಿನಾ ಹತ್ತು ಸಾವಿರ ಹೆಜ್ಜೆ ಹಾಕುವುದಾ? ಮಾಡಿದವರು ಹೇಳಿ.

ಪಡುಬಿದ್ರಿ ಅಣ್ಣ: ಒಂದೇ ದಿನ. ಹತ್ತು ಸಾವಿರ ಹೆಜ್ಜೆ ಅಂದ್ರೆ ಏಳು ಕಿ.ಮೀ., ಅದಕ್ಕೆ ಯಾರೂ ಕಿಸೆಗೆ ಕೈ ಹಾಕುವುದಿಲ್ಲ. ಹೆದ್ದಾರಿ 66ರಲ್ಲಿ ಸುಮಾರು 55 ಕಿ.ಮೀ. ಬೆಳಗ್ಗಿನ ಜಾವ 3ಕ್ಕೆ ಬಿಟ್ಟರೆ ಬಿಸಿಲು ಏರುವಾಗ ಮೂಲ್ಕಿ ದಾಟಿರಬೇಕು. 11ರಿಂದ 3.30ರವರೆಗೆ ನೆರಳಲ್ಲಿ ಕೂತುಬಿಡಿ. ಎದುರಿಂದ ಬರುವ ಗಾಡಿ ಕಾಣುವ ಹಾಗೆ ಬಲಬದಿಯಲ್ಲೇ ನಡೆಯಬೇಕು, ಮಿಂಚುವ ಜಾಕೆಟ್ ಎಲ್ಲರಿಗೂ ಬೇಕು. ಕೂಳೂರು, ಮೂಲ್ಕಿ, ಉದ್ಯಾವರ ಸೇತುವೆಗಳ ಮೇಲೆ ಒಬ್ಬರ ಹಿಂದೆ ಒಬ್ಬರು.

ಕಾಲು ಹಾಳಾಗುವುದು ದೂರದಿಂದಲ್ಲ, ಬೆವರಿನಿಂದ. ಹತ್ತಿಯ ಸಾಕ್ಸ್ ನೆನೆದು ಚರ್ಮ ಮೆತ್ತಗಾಗ್ತದೆ, ಮತ್ತೆ ತಿಕ್ಕಿ ಬೊಕ್ಕೆ ಏಳ್ತದೆ. ಸಿಂಥೆಟಿಕ್ ಸಾಕ್ಸ್ ಮೂರು ಜೊತೆ ಇಟ್ಟುಕೊಳ್ಳಿ, ಸುರತ್ಕಲ್‌ನಲ್ಲೊಮ್ಮೆ ಪಡುಬಿದ್ರಿಯಲ್ಲೊಮ್ಮೆ ಬದಲಿಸಿ. ಹಿಮ್ಮಡಿಗೆ ಹೊರಡುವ ಮೊದಲೇ ಟೇಪು, ತೊಡೆಸಂದಿಗೆ ವ್ಯಾಸಲಿನ್. ಬೊಕ್ಕೆ ಒಡೆಯಬೇಡಿ. ಹೊಸ ಶೂ ಅಂತೂ ಬೇಡವೇ ಬೇಡ.

ಬರೀ ನೀರು ಕುಡಿಯುತ್ತಾ ಹೋದರೆ ಉಪ್ಪು ಕಮ್ಮಿಯಾಗಿ ಕೈ ಊದಿ ವಾಂತಿ ಬರ್ತದೆ. ಓಆರ್‌ಎಸ್ ಪುಡಿಯ ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ಲೀಟರ್ ನೀರಿಗೆ. ಅಂದಾಜಿಗೆ ಅರ್ಧ ಸುರಿಯುವುದಲ್ಲ. ಟೆಟ್ರಾಪ್ಯಾಕಿನ ಸಿಹಿ ಪಾನೀಯ ಅದಕ್ಕೆ ಬದಲಿ ಅಲ್ಲ.

ಸುರತ್ಕಲ್ ಅಕ್ಕ: ಇಷ್ಟುದ್ದ ಬರೆದದ್ದರಲ್ಲಿ ಮಕ್ಕಳ ಸುದ್ದಿ ಎಲ್ಲುಂಟು ಅಣ್ಣ? ಅವರೂ ಬರುವ ಹಾಗಿರಬೇಕು, ಅದಕ್ಕೆ ದಿನಾ ಸ್ವಲ್ಪವೇ ಸರಿ. ಉದ್ಘಾಟನೆಗೆ ಚೆಂಡೆ, ಗರ್ನಾಲು ಪಟಾಕಿ, ಮೈಕು ಇಟ್ಟರೆ ಅರ್ಧ ಮಕ್ಕಳು ಅಲ್ಲೇ ಕಿವಿ ಮುಚ್ಚಿ ಕೂರ್ತಾರೆ. ಹಠ ಅಲ್ಲ ಅದು, ಆ ಶಬ್ದ ಅವರಿಗೆ ತಡೆಯಲಿಕ್ಕಾಗುವುದಿಲ್ಲ. ಕಿವಿಮುಚ್ಚುಕ ತರಿಸಿ. ಹೊರಡುವ ಗೇಟು, ಕೂರುವ ಬೆಂಚು, ಬೊಂಡದ (ಎಳನೀರಿನ) ಅಂಗಡಿ, ಕಡೆಗೆ ಕಾರು: ನಾಲ್ಕು ಫೋಟೋ ಕಾರ್ಡಿಗೆ ಅಂಟಿಸಿ ಎರಡು ದಿನ ಮೊದಲೇ ಮಕ್ಕಳಿಗೆ ತೋರಿಸಿ, ಏನೇನು ಬರ್ತದೆ ಅಂತ ಗೊತ್ತಿರಲಿ. ದಾರಿ ಕೊನೇ ಗಳಿಗೆಯಲ್ಲಿ ಬದಲಿಸಬೇಡಿ. ತಣ್ಣೀರುಬಾವಿ ಬೀಚ್ ಕಡೆ ಹೋದರೆ ಒಂದು ಮಗುವಿಗೆ ಒಬ್ಬ ದೊಡ್ಡವರು, ನೀರು ಕಂಡರೆ ಸೀದಾ ಓಡುವವರು ತುಂಬ ಇರ್ತಾರೆ. ಕೈಪಟ್ಟಿಯಲ್ಲಿ ಮನೆಯವರ ಫೋನ್ ನಂಬರು.

ಪಡುಬಿದ್ರಿ ಅಣ್ಣ: ಅಕ್ಕ, ಹಣ ಬೇಕಾದ್ದು ಶಾಲೆಗೆ. ಫೋಟೋ ಕಾರ್ಡಿಂದ ಥೆರಪಿಸ್ಟಿಗೆ ಸಂಬಳ ಆಗ್ತದಾ?

ಕಟಪಾಡಿ ಲೆಕ್ಕದವ: ಹಣದ ಮಾತು ಬಂತಲ್ಲ, ಕೇಳಿ. ನಿಮ್ಮ ಸ್ವಂತ ಗೂಗಲ್ ಪೇಗೆ ಹಾಕಿಸಲೇಬೇಡಿ, ಶಾಲೆಯ ಟ್ರಸ್ಟಿನ ಖಾತೆಯ ಕ್ಯೂಆರ್ ಮುದ್ರಿಸಿ. ತೆರಿಗೆ ವಿನಾಯಿತಿಯ ರಸೀದಿಗೆ (80ಜಿ ಅಂತಾರಲ್ಲ, ಅದಕ್ಕೆ) ಕೊಡುವವರ ಪ್ಯಾನ್, ವಿಳಾಸ ಅದೇ ದಿನ ಬರೆದುಕೊಳ್ಳಿ. 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ತೆರಿಗೆ ವಿನಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿ ಆಯ್ದುಕೊಂಡವರಿಗೆ ಹೇಗೂ ಇಲ್ಲ. ದುಬೈಯಲ್ಲಿರುವ ಭಾವ ಭಾರತದ ಪಾಸ್‌ಪೋರ್ಟಿನವನಾದರೆ ತನ್ನ ಸಂಪಾದನೆಯನ್ನು ಬ್ಯಾಂಕ್ ಮೂಲಕ ಕಳಿಸಬಹುದು. ಕೆನಡಾದ ಪೌರತ್ವ ತೆಗೆದುಕೊಂಡವನಾದರೆ ಟ್ರಸ್ಟಿಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಬೇಕು, ಹಣ ದೆಹಲಿಯ ಎಸ್‌ಬಿಐಯಲ್ಲಿರುವ ಟ್ರಸ್ಟಿನ ಖಾತೆಗೇ ಬೀಳಬೇಕು. ಆನ್‌ಲೈನ್ ಚಂದಾ ಆ್ಯಪುಗಳಲ್ಲಿ ಆ್ಯಪಿನವರಿಗೇ ಹೋಗುವ ‘ಟಿಪ್’ ಅಂತ ಮೊದಲೇ ಟಿಕ್ ಆಗಿರುವುದನ್ನು ತೆಗೆಯಲಿಕ್ಕೆ ಜನರಿಗೆ ಹೇಳಿ.

ಮತ್ತೆ ಟೀಶರ್ಟು. ಒಂದಕ್ಕೆ 220, ಎರಡು ಬದಿ ಮುದ್ರಣಕ್ಕೆ 40 ಬೇರೆ. ಎಲ್ಲ ಸೇರಿ 60 ಜನ ಆದರೆ 15,600. ಆ ದುಡ್ಡು ಶಾಲೆಗೇ ಹೋಗಲಿ ಮಾರಾಯ್ರೆ.

ಮಲ್ಪೆಯವಳು: ಟೀಶರ್ಟಿಲ್ಲದೆ ನಡೆದರೆ ಯಾರು ಎಂತಕ್ಕೆ ನಡೀತಿದ್ದಾರೆ ಅಂತ ಗೊತ್ತಾಗುವುದು ಹೇಗೆ? ನೀಲಿ ಬಣ್ಣ, ಆಟಿಸಂನ ಗುರುತು ಅಂತ ಹಾಕುವ ಪಜಲ್ ತುಂಡು ಹಾಕಿಸಿ.

ಸುರತ್ಕಲ್ ಅಕ್ಕ: ಪಜಲ್ ತುಂಡು ಬೇಡ. ಆಟಿಸಂ ಇರುವ ದೊಡ್ಡವರು ಎಷ್ಟೋ ಜನ ಅದನ್ನು ಒಪ್ಪುವುದಿಲ್ಲ, ‘ನಾವೇನು ತುಂಡು ಕಳೆದುಹೋದವರಾ’ ಅಂತ ಕೇಳ್ತಾರೆ. ಕಾಮನಬಿಲ್ಲಿನ ಬಣ್ಣದ, ಅಡ್ಡ ಮಲಗಿದ 8ರ ಹಾಗಿರುವ ಅನಂತ ಚಿಹ್ನೆ ಹಾಕಿ.

ಮಲ್ಪೆಯವಳು: ಅನಂತ ಚಿಹ್ನೆ ನೋಡಿ ಕನ್ನಡಕದ ಅಂಗಡಿ ಜಾಹೀರಾತು ಅಂದುಕೊಳ್ತಾರೆ ಅಕ್ಕ.

ಕಟಪಾಡಿ ಲೆಕ್ಕದವ: ಹಾಗಾದ್ರೆ ಬಟ್ಟೆ ಬ್ಯಾನರ್ ಒಂದು, ಕನ್ನಡದಲ್ಲಿ ದೊಡ್ಡ ಅಕ್ಷರ. ಫ್ಲೆಕ್ಸ್ ಬೇಡ.

ಪಡುಬಿದ್ರಿ ಅಣ್ಣ: ಸಮುದ್ರದ ಗಾಳಿಗೆ ಬಟ್ಟೆ ಬ್ಯಾನರ್ ಹಿಡಿದು 55 ಕಿ.ಮೀ. ನೀವೇ ನಡೀರಿ. ಗಾಳಿ ಹೋಗ್ಲಿಕ್ಕೆ ಮಧ್ಯೆ ನಾಲ್ಕು ತೂತು ಕತ್ತರಿಸಿಕೊಳ್ಳಿ, ಇಲ್ಲದಿದ್ರೆ ಕೂಳೂರು ಸೇತುವೆಯಲ್ಲೇ ಭುಜ ಬಿದ್ದುಹೋಗ್ತದೆ.