ಗ್ಲಾಸಿ ಫೋಟೋ ಮೇಲೆ ಸ್ಟ್ಯಾಂಪ್ ಇಂಕ್ ನಿಲ್ತಾನೇ ಇಲ್ಲ, ಏನ್ ಮಾಡ್ಲಿ?

ಡೊಂಬಿವಲಿ ಡೈರಿ:
ಎಲ್ಲರಿಗೂ ನಮಸ್ಕಾರ. ಅಪ್ಪ ಅಮ್ಮನ ಮದುವೆಯ ಐವತ್ತನೇ ವರ್ಷಕ್ಕೆ ಸ್ಕ್ರ್ಯಾಪ್‌ಬುಕ್ ಆಲ್ಬಂ ಮಾಡ್ತಾ ಇದೀನಿ. ಅವರು ಧಾರವಾಡ ಬಿಟ್ಟು ಮುಂಬೈಗೆ ಬಂದಾಗಿನ ಬ್ಲಾಕ್ ಅಂಡ್ ವೈಟ್ ಫೋಟೋಗಳಿಂದ ಹಿಡಿದು ಮೊನ್ನೆ ಮೊಮ್ಮಗಳ ನಾಮಕರಣದ ತನಕ ಎಲ್ಲ ಇದೆ. ಫೋಟೋ ಅಂಚಿಗೆ ರಬ್ಬರ್ ಸ್ಟ್ಯಾಂಪ್ ಒತ್ತಿ ಬಾರ್ಡರ್ ಮಾಡೋ ಆಸೆ, ಆದ್ರೆ ಒಂದು ಎಕ್ಸ್‌ಟ್ರಾ ಪ್ರಿಂಟ್ ಮೇಲೆ ಒತ್ತಿ ನೋಡಿದ್ರೆ ಇಂಕ್ ಕೆಸುವಿನ ಎಲೆ ಮೇಲಿನ ನೀರಿನ ಥರ ಗುಂಡಗುಂಡಗೆ ನಿಲ್ಲುತ್ತೆ, ಮಾರನೇ ದಿನ ಬೆರಳು ತಾಗಿದ್ರೂ ಒರೆಸಿಹೋಗುತ್ತೆ. ಬಿಸಿ ಗಾಳಿ ಊದೋ ಹೀಟ್ ಗನ್ ಹಿಡಿದ್ರೆ ಸರಿ ಹೋಗುತ್ತಾ? ಮತ್ತೆ ಆನ್‌ಲೈನ್‌ನಲ್ಲಿ ನೋಡಿದ್ರೆ ಬರೀ ಕ್ರಿಸ್‌ಮಸ್ ಮರ, ಐಫೆಲ್ ಟವರ್. ನಮ್ಮ ಕಡೆ ಡಿಸೈನ್ ಎಲ್ಲಾದ್ರೂ ಸಿಗುತ್ತಾ?

ಮಾಟುಂಗಾ ಮಲ್ಲಿಗೆ:
ಹೀಟ್ ಗನ್ ಬೇಡವೇ ಬೇಡ! ಲ್ಯಾಬ್‌ನಲ್ಲಿ ಪ್ರಿಂಟ್ ಆಗೋ ಈಗಿನ ಫೋಟೋ ಪೇಪರ್‌ಗೆ ಎರಡೂ ಕಡೆ ತೆಳ್ಳಗೆ ಪ್ಲಾಸ್ಟಿಕ್ ಪದರ ಇರುತ್ತೆ, ಬಿಸಿ ತಾಗಿದ್ರೆ ಸುರುಟಿಕೊಂಡು ಗುಳ್ಳೆ ಬರುತ್ತೆ. ಆ ಪದರ ನೀರನ್ನ ಹೀರಲ್ಲ, ಅದಕ್ಕೇ ಮಾಮೂಲಿ ಇಂಕ್ ಪ್ಯಾಡ್ ಕೆಲಸ ಮಾಡಲ್ಲ. ನಿಮಗೆ ಬೇಕಾಗಿರೋದು ಸಾಲ್ವೆಂಟ್ ಇಂಕ್, ಅಂದ್ರೆ ನೀರಿನ ಬದಲು ಬೇಗ ಆರಿಹೋಗೋ ದ್ರಾವಕ ಇರೋ ಇಂಕ್, ಸ್ಟೇಜ್‌ಆನ್ ಅನ್ನೋ ಬ್ರ್ಯಾಂಡ್‌ನಲ್ಲಿ ಸಿಗುತ್ತಲ್ಲ ಅದು. ಗ್ಲಾಸು, ಪ್ಲಾಸ್ಟಿಕ್ ಮೇಲೂ ಕೂರುತ್ತೆ, ಕೆಲವೇ ನಿಮಿಷದಲ್ಲಿ ಒಣಗುತ್ತೆ. ವಾಸನೆ ಜೋರು, ಕಿಟಕಿ ತೆಗೆದಿಟ್ಟುಕೊಳ್ಳಿ, ಸ್ಟ್ಯಾಂಪ್ ತೊಳೆಯೋಕೆ ಬರೀ ನೀರು ಸಾಲಲ್ಲ, ಅದರದ್ದೇ ಕ್ಲೀನರ್ ತಗೊಳ್ಳಿ. ಇಲ್ಲಾಂದ್ರೆ ಮ್ಯಾಟ್ ಪ್ರಿಂಟ್ ಹಾಕಿಸಿ, ಜಾರೋದು ಕಮ್ಮಿ.

ಆದ್ರೆ ಒಂದು ಮಾತು ದಯವಿಟ್ಟು ಕೇಳಿ, ಹಳೇ ಬ್ಲಾಕ್ ಅಂಡ್ ವೈಟ್ ಫೋಟೋ ಮೇಲೆ ಯಾವ ಇಂಕೂ ಒತ್ತಬೇಡಿ. ಚಿತ್ರ ಇರೋದೇ ಜೆಲಟಿನ್ ಪದರದಲ್ಲಿ, ಒದ್ದೆ ಆದ್ರೆ ಅದು ಉಬ್ಬುತ್ತೆ, ನೆಗೆಟಿವ್ ಕೂಡ ಇಲ್ಲದಿದ್ರೆ ಆ ಫೋಟೋ ಹೋದ ಹಾಗೇ. ಸ್ಕ್ಯಾನ್ ಮಾಡ್ಸಿ ಕಾಪಿ ಮೇಲೆ ಎಷ್ಟು ಬೇಕಾದ್ರೂ ಆಟ ಆಡಿ.

ಕೊತ್ರೂಡ್ ಕಾಕಾ:
ಅಕ್ಕಾರ, ನೀವು ಧಾರವಾಡದವ್ರು ಅಂದಮ್ಯಾಲೆ ಡಿಸೈನ್ ಹೊರಗ್ಯಾಕ ಹುಡುಕ್ತೀರಿ? ಅಮ್ಮಾರ ಇಳಕಲ್ ಸೀರಿ ಮ್ಯಾಲಿನ ಕಸೂತಿ ನೋಡ್ರಿ, ಗೋಪುರ, ತೇರು, ತುಳಸಿಕಟ್ಟಿ, ಆನಿ. ಎಲ್ಲಾ ನೆಟ್ಟಗಿನ ಗೆರಿ, ರಬ್ಬರ್‌ನಾಗ ಕೆತ್ತಲಿಕ್ಕೆ ಭಾಳ ಸಲೀಸು. ಹುಡುಗ್ರು ಪೆನ್ಸಿಲ್ ಅಳಿಸೂ ದೊಡ್ಡ ರಬ್ಬರ್ ಸಾಕು. ಟ್ರೇಸಿಂಗ್ ಪೇಪರ್ ಮ್ಯಾಲೆ ಮೆತ್ತನ್ನ ಪೆನ್ಸಿಲ್‌ಲೇ ಗೋಪುರ ತೆಗೀರಿ, ಬೋರಲಾಕಿ ರಬ್ಬರ್ ಮ್ಯಾಲೆ ಉಗುರಿಲೆ ತಿಕ್ಕ್ರಿ, ಗೆರಿ ಇಳೀತದ. ಆಮ್ಯಾಲೆ ಲಿನೋ ಕಟರ್ (ಕೆತ್ತೂ ಸಣ್ಣ ಉಳಿ) ಹಿಡ್ದು ಗೆರಿ ಬಿಟ್ಟು ಸುತ್ತಲಿಂದಷ್ಟ ತೆಗೀರಿ. ಬ್ಲೇಡ್ ಒಳಗ ಬಾಗಿಸಬ್ಯಾಡ್ರಿ, ಗೆರಿ ಬುಡಾ ಸಣ್ಣ ಆಗಿ ಎರಡು ಸಲ ಒತ್ತೂದ್ರಾಗ ಮುರೀತದ.

ನನ್ನ ಕೇಳಿದ್ರ ಫೋಟೋ ಬಿಟ್ಟು ಅದರ ಸುತ್ತಿನ ಹಾಳಿ ಮ್ಯಾಲೆ ಒತ್ತೂದ ಛಲೋ. ಪುಣೆಗೆ ಬಂದ್ರ ಶಿವಾಜಿನಗರದ ಹ್ಯಾಂಡ್‌ಮೇಡ್ ಪೇಪರ್ ಇನ್‌ಸ್ಟಿಟ್ಯೂಟ್ ನೋಡ್ರಿ, 1940ರಿಂದ ಐತಿ. ಅರಿವಿ ಚೂರಿನಿಂದ ಮಾಡಿದ ಹಾಳಿ ಇಂಕ್ ಎಷ್ಟು ಚಂದ ಹಿಡೀತದ ಅಂತೀರಿ!

ವಾಸ್ಕೋ ವನಜಾ:
ಕಾಕಾ ಹೇಳಿದ್ದು ಸರಿ. ಫೋಟೋ ಮೇಲೇ ಡಿಸೈನ್ ಬೇಕು ಅಂದ್ರೆ ಪಾರದರ್ಶಕ ಶೀಟ್ ಮೇಲೆ ಒತ್ತಿ ಫೋಟೋ ಮೇಲೆ ಹೊದಿಸಿ, ಬೇಡ ಅನ್ಸಿದ್ರೆ ತೆಗೀಬಹುದು. ಪಿವಿಸಿ ಶೀಟ್ ಮಾತ್ರ ಬೇಡ, ವರ್ಷ ಕಳೆದ ಹಾಗೆ ಅದು ಫೋಟೋ ಕೆಡಿಸುತ್ತೆ, ಪಾಲಿಯೆಸ್ಟರ್ ಕೇಳಿ ತಗೊಳ್ಳಿ. ಗಮ್ ಬದಲು ಫೋಟೋ ಕಾರ್ನರ್, ಅಂದ್ರೆ ಫೋಟೋದ ಮೂಲೆ ಸಿಕ್ಕಿಸೋ ಸಣ್ಣ ತ್ರಿಕೋನ ಜೇಬು, ಹಾಕಿ. ನಮ್ಮ ಗೋವಾ, ನಿಮ್ಮ ಮುಂಬೈ ಮಳೆಗಾಲದಲ್ಲಿ ಪುಟಗಳು ಒಂದಕ್ಕೊಂದು ಅಂಟಿಕೊಳ್ತವೆ, ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಇಂಕ್ ಪೂರ್ತಿ ಒಣಗೋ ತನಕ ಆಲ್ಬಂ ಮುಚ್ಚಬೇಡಿ.

ಡೊಂಬಿವಲಿ ಡೈರಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್! ಹಳೇ ಫೋಟೋ ಎಲ್ಲ ಸ್ಕ್ಯಾನ್‌ಗೆ ಕೊಡ್ತೀನಿ. ಕಾಕಾ, ಅಪ್ಪ ಅಮ್ಮನ ಹೆಸರೂ ಕನ್ನಡದಲ್ಲಿ ಕೆತ್ತಬೇಕು ಅಂತಿದೀನಿ, ಅಕ್ಷರ ಉಲ್ಟಾ ಬರೀಬೇಕಾ?

ಕೊತ್ರೂಡ್ ಕಾಕಾ:
ಬ್ಯಾಡ್ರಿ, ಟ್ರೇಸಿಂಗ್ ಪೇಪರ್ ಮ್ಯಾಲೆ ಸೀದಾ ಬರೀರಿ, ಬೋರಲ ಹಾಕಿದಾಗ ತಾನ ಉಲ್ಟಾ ಆಗ್ತದ. ಒತ್ತಕ್ಷರ ಇದ್ರ ಅಕ್ಷರ ಜರಾ ದೊಡ್ಡದ ಮಾಡ್ರಿ, ಸಣ್ಣದಿದ್ರ ಇಂಕ್ ತುಂಬಿ ಮುಚ್ಚಿಹೋಗ್ತದ.