ಬೆಳಿಗ್ಗೆ ಹುಳಿ, ಸಂಜೆ ಸಪ್ಪೆ: ಬಾಲ್ಕನಿ ಬಳಗದಲ್ಲಿ ಸರ್ ಜತೆ ಪ್ರಶ್ನೋತ್ತರ

ಅಡ್ಮಿನ್ (ಮಾಟುಂಗಾ): ಎಲ್ಲರಿಗೂ ನಮಸ್ಕಾರ. ಇವತ್ತು ಭಾನುವಾರ, ಸರ್ ಬಿಡುವಾಗಿದ್ದಾರೆ. ಮೂವತ್ತು ವರ್ಷ ಇದೇ ಮುಂಬಯಿಯಲ್ಲಿ ಸಸ್ಯಶಾಸ್ತ್ರ ಕಲಿಸಿದವರು. ಮರುಭೂಮಿ, ಮಳೆಕಾಡು, ಹಿಮ, ಉಪ್ಪುನೀರು, ಎಲ್ಲಿಯ ಗಿಡ, ಎಲ್ಲಿಯ ಪ್ರಾಣಿ ಹೇಗೆ ಬದುಕುತ್ತದೆ ಅಂತ ಏನು ಬೇಕಾದರೂ ಕೇಳಿ. ಹೆಸರಿನ ಬದಲು ಏರಿಯಾ ಸಾಕು. ಗುಡ್ ಮಾರ್ನಿಂಗ್ ಚಿತ್ರ ದಯವಿಟ್ಟು ಬೇಡ.

ಭಾಯಂದರ್: ಗುಡ್ ಮಾರ್ನಿಂಗ್ 🌹🙏

ಮುಲುಂಡ್: ಸರ್ ನಮಸ್ತೆ. ಡಿಸೆಂಬರಿನಲ್ಲಿ ಅಡೀನಿಯಂ ತಂದಿದ್ದೆ, ಗಿಡದ ತುಂಬ ಹೂ ಇತ್ತು. ಮಳೆ ಶುರುವಾಗಿ ಮೂರು ವಾರ ಆಯ್ತು, ಈಗ ಬುಡ ಒತ್ತಿದರೆ ಮೆತ್ತಗಾಗುತ್ತೆ, ಎಲೆ ಹಳದಿ. ದಿನಾ ಒಂದು ಮಗ್ ನೀರು ತಪ್ಪದೆ ಹಾಕ್ತೀನಿ.

ಸರ್: ನಮಸ್ಕಾರ ಅಕ್ಕ. ಮೊದಲು ಆ ಮಗ್ಗನ್ನು ಬಚ್ಚಲಿಗೆ ವಾಪಸ್ ಕಳಿಸಿ. ಅಡೀನಿಯಂ ಅರಬಸ್ಥಾನ ಮತ್ತು ಆಫ್ರಿಕದ ಒಣನೆಲದ್ದು. ಆ ಉಬ್ಬಿದ ಬುಡವೇ ಅದರ ನೀರಿನ ಟಾಂಕಿ. ತಿಂಗಳುಗಟ್ಟಲೆ ಮಳೆ ಇಲ್ಲದ ಊರಿನಲ್ಲಿ ಸಿಕ್ಕಿದಷ್ಟನ್ನು ತುಂಬಿಸಿಕೊಂಡು ಕೂರುವ ಜಾತಿ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ 2000 ಮಿ.ಮೀ. ಮೀರಿ ಸುರಿಯುತ್ತದೆ. ಟಾಂಕಿ ಮೊದಲೇ ತುಂಬಿದೆ, ಮೇಲೆ ನಿಮ್ಮ ಮಗ್. ಮಣ್ಣಿನ ಸಂದಿಯಲ್ಲಿ ಗಾಳಿಯ ಜಾಗಕ್ಕೆ ನೀರು ಕೂತರೆ ಬೇರಿಗೆ ಉಸಿರಿಲ್ಲ, ಆಮೇಲೆ ಬೂಷ್ಟಿನ ಕಾರುಬಾರು. ಕಿತ್ತು ನೋಡಿ, ಕೊಳೆತದ್ದನ್ನು ಗಟ್ಟಿ ಭಾಗ ಸಿಗುವವರೆಗೆ ಕತ್ತರಿಸಿ, ನೆರಳಿನಲ್ಲಿ ವಾರ ಒಣಗಿಸಿ, ಮರಳು ಹೆಚ್ಚಿರುವ ಮಣ್ಣಿಗೆ ನೆಡಿ. ಕತ್ತರಿಸುವಾಗ ಕೈಗವಸು ಹಾಕಿ. ಆಫ್ರಿಕದಲ್ಲಿ ಅದರ ರಸವನ್ನು ಬಾಣದ ತುದಿಗೆ ಹಚ್ಚುತ್ತಿದ್ದರು, ವಿಷಕ್ಕೆ.

ಕಾಂದಿವ್ಲಿ: ಸರ್ ನಮ್ಮ ಅಡೀನಿಯಂ ಕೂಡ ಮೆತ್ತಗಾಗಿದೆ, ಏನು ಮಾಡಲಿ?

ಸರ್: ಮೇಲೆ ಬರೆದದ್ದೇ.

ಠಾಣೆ: ಸರ್, ನಮ್ಮದು ಕ್ಯಾಕ್ಟಸ್. ಮಳೆನೀರು ಶುದ್ಧ ಅಂತ ಹೊರಗೆ ಇಟ್ಟಿದ್ದೆ. ಬುಡ ಕಪ್ಪಾಗಿದೆ.

ಸರ್: ಒಳಗಿಡಿ.

ಮಾಪ್ಸಾ, ಗೋವಾ: ಸರ್, ನಮ್ಮ ಬಾವಿಕಟ್ಟೆ ಹತ್ರ ಮಳೆ ಬಿದ್ದ ರಾತ್ರಿ ಹಳದಿ ಬಣ್ಣದ ದೊಡ್ಡ ಕಪ್ಪೆಗಳು ಬಂದು ಕೂಗುತ್ತವೆ. ಬೇಸಿಗೆಯಲ್ಲಿ ಒಂದೂ ಕಾಣುವುದಿಲ್ಲ. ಎಲ್ಲಿರುತ್ತವೆ?

ಮೀರಾ ರೋಡ್: *ಹಲವು ಬಾರಿ ಫಾರ್ವರ್ಡ್ ಆಗಿದೆ:* "ಸ್ನೇಕ್ ಪ್ಲಾಂಟ್ ರಾತ್ರಿಯಿಡೀ ಆಮ್ಲಜನಕ ಬಿಡುತ್ತದೆ!! ನಾಸಾ ಸಾಬೀತುಪಡಿಸಿದೆ!! ಮಲಗುವ ಕೋಣೆಯಲ್ಲಿ 6 ಕುಂಡ ಇಟ್ಟರೆ ಗೊರಕೆ, ಆಸ್ತಮಾ ಮಾಯ!!" ಸರ್, ಇದು ಎಲ್ಲರಿಗೂ ಉಪಯೋಗ ಆಗಲಿ ಅಂತ ಹಾಕಿದೆ 🙏

ಸರ್: ಆಗುವುದಿಲ್ಲ. ಆ ಗಿಡ ರಾತ್ರಿ ಮಾಡುವುದು ಇಂಗಾಲದ ಡೈಆಕ್ಸೈಡ್ ಒಳಗೆ ಎಳೆದುಕೊಳ್ಳುವ ಕೆಲಸ. ಆಮ್ಲಜನಕ ಬಿಡಲು ಬೆಳಕು ಬೇಕು, ಅದು ಹಗಲಿನ ಕೆಲಸ. ಎರಡನ್ನೂ ಯಾರೋ ಕಲಸಿ ಹಾಕಿದ್ದಾರೆ. ನಾಸಾ 1989ರಲ್ಲಿ ಪರೀಕ್ಷೆ ಮಾಡಿದ್ದು ನಿಜ, ಮುಚ್ಚಿದ ಸಣ್ಣ ಪೆಟ್ಟಿಗೆಯೊಳಗೆ ಬೆಂಜೀನ್‌ನಂಥ ಆವಿಗಳ ಮೇಲೆ. ಗೊರಕೆಯ ಮೇಲಲ್ಲ. ಆಸ್ತಮಾ ಇದ್ದವರು ಇನ್‌ಹೇಲರ್ ಬಿಡಬೇಡಿ. ಗಿಡ ಚೆಂದ ಉಂಟು, ಇಟ್ಟುಕೊಳ್ಳಿ.

ಡೊಂಬಿವ್ಲಿ: ಸರ್, ನಾ ಧಾರವಾಡ ಕಡೆಯಾಕಿ. ಒಂದು ವಿಚಿತ್ರ ಕೇಳೋದಿತ್ತು. ನಮ್ಮ ಅಪ್ಪಾರು ಕಿಡ್ನಿ ಕಲ್ಲಿಗೆ ಅಂತ ದಿನಾ ಮುಂಜಾನೆ ಖಾಲಿ ಹೊಟ್ಟಿಗೆ ಕಾಡುಬಸಳೆ ಎಲಿ ನಾಕು ತಿಂತಾರ. ಇಲ್ಲೆ ಪಾನಫುಟಿ ಅಂತಾರಲ್ರಿ, ಅದು. ಮುಂಜಾನೆ ಎಲಿ ಹುಣಸಿಹಣ್ಣಿನಂಗ ಹುಳಿ, ಸಂಜಿಕ್ಕ ತಿಂದ್ರ ಸಪ್ಪಗ. ಅದೇ ಗಿಡ, ಅದೇ ಎಲಿ. ಯಾಕ್ರಿ ಹಿಂಗ?

ಸರ್: ತಾಯಿ, ಬಹಳ ಚೆಂದದ ಪ್ರಶ್ನೆ, ಉತ್ತರ ಆಮೇಲೆ. ತಂದೆಯವರ ವಯಸ್ಸೆಷ್ಟು? ಎಷ್ಟು ದಿನದಿಂದ ತಿನ್ನುತ್ತಿದ್ದಾರೆ? ಬೇರೆ ಮಾತ್ರೆ ಏನಾದರೂ ಉಂಟಾ?

ಡೊಂಬಿವ್ಲಿ: 74 ರೀ. ಎರಡು ತಿಂಗಳಾತು. ಹಾರ್ಟಿನ ಗುಳಿಗಿ ಅವ. ಪಾಕೀಟ ನೋಡಿದೆ, ಡಿಗಾಕ್ಸಿನ್ ಅಂತ ಬರದದ. ಈಗ ಹತ್ತು ದಿನದಿಂದ ಊಟ ಸೇರವಲ್ದು, ವಾಂತಿ ಬಂದಂಗ ಆಗ್ತದ ಅಂತಾರ. ದೀಪದ ಸುತ್ತ ಹಳದಿ ಕಾಣಸ್ತದ ಅಂದ್ರು. ಕಣ್ಣಿನ ಪೊರಿ ಇರಬೇಕು ಅಂತ ಬಿಟ್ವಿ.

ಸರ್: ಇದನ್ನು ಓದಿದ ಕೂಡಲೇ ಹೊರಡಿ. ಭಾನುವಾರ ಅಂತ ನಾಳೆಗೆ ಇಡಬೇಡಿ, ತುರ್ತು ವಿಭಾಗ ಇರುವ ಆಸ್ಪತ್ರೆಗೆ ಹೋಗಿ. ಮಾತ್ರೆಯ ಪಾಕೀಟು ಮತ್ತು ಆ ಗಿಡದ ಒಂದು ಟೊಂಗೆ ಎರಡನ್ನೂ ಚೀಲದಲ್ಲಿ ಹಾಕಿಕೊಳ್ಳಿ. "ಎರಡು ತಿಂಗಳಿಂದ ಇದನ್ನು ತಿನ್ನುತ್ತಿದ್ದಾರೆ" ಎಂದು ಡಾಕ್ಟರಿಗೆ ನೀವಾಗಿಯೇ ಹೇಳಿ, ಅವರು ಕೇಳಲಿಕ್ಕಿಲ್ಲ.

ಕಾರಣ ಹೇಳುತ್ತೇನೆ. ಒಂದೇ ಜಾಗದಲ್ಲಿ ಬೇರೂರಿದ ಗಿಡ ಓಡಲಾರದು. ರಸ ತುಂಬಿದ ಎಲೆ, ಸುತ್ತ ಹಸಿದ ಬಾಯಿಗಳು. ಕೆಲವು ಗಿಡ ಮುಳ್ಳು ಬಿಡುತ್ತವೆ, ಕಾಡುಬಸಳೆಗೆ ಮುಳ್ಳಿಲ್ಲ, ವಿಷ ಇಟ್ಟುಕೊಂಡಿದೆ. ಬುಫಾಡಯನೋಲೈಡ್ ಎಂದು ಅದರ ಹೆಸರು. ಆಸ್ಟ್ರೇಲಿಯಾದಲ್ಲಿ ಈ ಕುಲದ ಗಿಡಗಳನ್ನು ಮೇಯ್ದು ದನಗಳು ಸತ್ತಿವೆ. ಅದು ಹಿಡಿಯುವುದು ಹೃದಯದ ಜೀವಕೋಶದಲ್ಲಿ ಸೋಡಿಯಂ, ಪೊಟಾಸಿಯಂ ಸಾಗಿಸುವ ಪಂಪನ್ನು. ನಿಮ್ಮ ತಂದೆಯವರ ಡಿಗಾಕ್ಸಿನ್ ಹಿಡಿಯುವುದೂ ಅದೇ ಪಂಪನ್ನು, ಅದೂ ಡಿಜಿಟಾಲಿಸ್ ಎಂಬ ಗಿಡದಿಂದ ಬಂದ ಮದ್ದು. ಡಾಕ್ಟರು ಮಿಲಿಗ್ರಾಮಿನ ಲೆಕ್ಕದಲ್ಲಿ ಅಳೆದು ಕೊಟ್ಟದ್ದರ ಮೇಲೆ ಎಲೆ ಎಷ್ಟು ಸೇರಿಸಿತು ಅಂತ ಯಾರಿಗೆ ಗೊತ್ತು? ಊಟ ಸೇರದಿರುವುದು, ವಾಕರಿಕೆ, ಹಳದಿ ಕಾಣುವುದು ಆ ಮದ್ದು ಮೈಯಲ್ಲಿ ಹೆಚ್ಚಾದಾಗಿನ ಹಳೆಯ ಲಕ್ಷಣಗಳು. ಎಲೆಯಿಂದಲೇ ಆಯಿತು ಅಂತ ನಾನು ಹೇಳುವ ಹಾಗಿಲ್ಲ, ನಾನು ಗಿಡದ ಮೇಷ್ಟ್ರು. ಅದನ್ನು ರಕ್ತಪರೀಕ್ಷೆ ಹೇಳಲಿ. ಹೊರಟದ್ದು ಇಲ್ಲಿ ತಿಳಿಸಿ.

ಡೊಂಬಿವ್ಲಿ: ಹೊಂಟೇವ್ರಿ ಸರ್. ರಿಕ್ಷಾ ಬಂತು.

ಮೀರಾ ರೋಡ್: ಸರ್, ಬೇಜಾರಾಗಬೇಡಿ. ನಮ್ಮ ಅಜ್ಜಿ ಕಾಲದಿಂದ ಕಾಡುಬಸಳೆ ಕೊಡ್ತಾ ಬಂದಿದ್ದೇವೆ. ನಮ್ಮ ಪರಂಪರೆಯನ್ನು ಹೀಗೆ ಹೆದರಿಸಿ ಬಿಡಿಸುವುದು ಸರಿಯಾ?

ಸರ್: ಆ ಗಿಡ ಮಡಗಾಸ್ಕರ್ ದ್ವೀಪದ್ದು. ಪರಂಪರೆ ಯಾರದ್ದು ಅಂತ ಅದನ್ನೇ ಕೇಳಿ.

ಮೀರಾ ರೋಡ್: ಮೆಣಸಿನಕಾಯಿನೂ ಹೊರಗಿಂದ ಬಂದದ್ದೇ. ಹಾಗಂತ ಬಿಟ್ಟಿದ್ದೇವಾ?

ಚೆಂಬೂರ್ ಶೆಟ್ರು: ಮೆಣಸಿನಕಾಯಿ ತಿಂದು ಯಾರಿಗೂ ದೀಪ ಹಳದಿ ಕಾಣ್ಲಿಲ್ಲ ಮಾರಾಯ್ರೆ. ನಲ್ವತ್ತು ವರ್ಷದಿಂದ ಹೋಟ್ಲು ನಡೆಸ್ತಿದ್ದೇನೆ, ನಾನೇ ಸಾಕ್ಷಿ.

ಮೀರಾ ರೋಡ್: ಹೋಟ್ಲಿನವರು ಆರೋಗ್ಯದ ಬಗ್ಗೆ ಮಾತಾಡೋದು ನೋಡಿ 😄

ಅಡ್ಮಿನ್ (ಮಾಟುಂಗಾ): ದಯವಿಟ್ಟು ವಿಷಯಕ್ಕೆ ಬನ್ನಿ.

ಐರೋಲಿ: ಸರ್, ಮಗಳು ಐದನೇ ಕ್ಲಾಸು. ಖಾಡಿ (ಸಮುದ್ರದ ಹಿನ್ನೀರು) ದಡದಲ್ಲಿ ಬಿದ್ದಿತ್ತು ಅಂತ ನುಗ್ಗೆಕಾಯಿ ಥರದ್ದೊಂದು ತಂದು ಕುಂಡದಲ್ಲಿ ಚುಚ್ಚಿದಳು. ಎರಡು ತಿಂಗಳಲ್ಲಿ ಎಲೆ ಬಂದಿದೆ! ನಲ್ಲಿ ನೀರೇ ಹಾಕ್ತಿದ್ದೇವೆ. ಉಪ್ಪು ಹಾಕಬೇಕಾ ಅಂತ ಕೇಳ್ತಾಳೆ.

ಸರ್: ಉಪ್ಪು ಬೇಡ ಅಂತ ಹೇಳಿ ಮಗುವಿಗೆ. ಅದು ಕಾಯಿಯಲ್ಲ, ಸಸಿ! ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಜಾತಿಯ ಕೆಲವು ಮರಗಳಲ್ಲಿ ಬೀಜ ತಾಯಿಮರದಲ್ಲಿ ಇರುವಾಗಲೇ ಮೊಳೆತು ಉದ್ದಕ್ಕೆ ಇಳಿಯುತ್ತದೆ. ಕೆಸರಿಗೆ ಬಿದ್ದರೆ ನೆಟ್ಟಗೆ ನಾಟುತ್ತದೆ, ಭರತದ ನೀರಿಗೆ ಬಿದ್ದರೆ ತೇಲಿಕೊಂಡು ಬೇರೆ ದಡ ಹುಡುಕುತ್ತದೆ. ಬರೀ ಬೀಜ ಉದುರಿಸಿದರೆ ಆ ಉಪ್ಪಿನ ಕೆಸರಿನಲ್ಲಿ ಮೊಳೆಯುವುದು ಕಷ್ಟ, ದಿನಕ್ಕೆರಡು ಸಲ ಏರುವ ನೀರು ಬೇರೆ. ಈ ಗಿಡಗಳಿಗೆ ಉಪ್ಪು ಇಷ್ಟ ಅಂತಲ್ಲ, ತಡೆದುಕೊಳ್ಳುತ್ತವೆ ಅಷ್ಟೆ. ಸಿಹಿನೀರಿನಲ್ಲೂ ಬೆಳೆಯುತ್ತವೆ, ಆದರೆ ಅಲ್ಲಿ ಬೇರೆ ಗಿಡಗಳ ನೂಕುನುಗ್ಗಲು. ಉಪ್ಪಿನಲ್ಲಿ ಸ್ಪರ್ಧೆಗೆ ಯಾರೂ ಇಲ್ಲ.

ಮುಂದಿನ ಸಲ ಮಗುವನ್ನು ಕರೆದುಕೊಂಡು ಹೋದಾಗ ಮರಾಠಿಯವರು ತಿವರ್ ಅನ್ನುವ ಮರ ತೋರಿಸಿ. ಎಲೆ ಮೇಲೆ ಬೆರಳಾಡಿಸಿದರೆ ಉಪ್ಪಿನ ಹರಳು ಸಿಗುತ್ತದೆ, ಒಳಗೆ ಬಂದ ಉಪ್ಪನ್ನು ಎಲೆ ಹೊರಗೆ ಹಾಕಿದ್ದು. ಬುಡದ ಸುತ್ತ ಕೆಸರಿನಿಂದ ಪೆನ್ಸಿಲ್ ನಿಲ್ಲಿಸಿದ ಹಾಗೆ ನೂರಾರು ಕಡ್ಡಿ ಮೇಲಕ್ಕೆ ಎದ್ದಿರುತ್ತವೆ. ಅವು ಉಸಿರಾಡುವ ಬೇರು. ಮುಲುಂಡ್ ಅಕ್ಕ, ನಿಮ್ಮ ಅಡೀನಿಯಂಗೆ ಇಲ್ಲದ್ದು ಅದೇ.

ಚೆಂಬೂರ್ ಶೆಟ್ರು: ಸರ್, ಕಾಂಡ್ಲಾ ಎಲ್ಲ ಸರಿ, ಆದ್ರೆ ಸೊಳ್ಳೆ ಅಲ್ಲಿಂದ್ಲೇ ಬರುದಲ್ವಾ? ಕಡಿದ್ರೆ ಊರಿಗೆ ಒಳ್ಳೆದು.

ಐರೋಲಿ: ಅಣ್ಣ, ಸೊಳ್ಳೆ ನಿಮ್ಮ ಹೋಟ್ಲ ಹಿಂದಿನ ಡ್ರಮ್ಮಿನಿಂದ ಬರುತ್ತೆ. ಇಲ್ಲಿ ನೀರು ದಿನಾ ಏರಿ ಇಳಿಯುತ್ತೆ.

ಚೆಂಬೂರ್ ಶೆಟ್ರು: ನಮ್ಮ ಡ್ರಮ್ಮು ನೀವು ಯಾವಾಗ ನೋಡಿದ್ದು?

ವಾಶಿ: 2005ರ ಜುಲೈ 26 ನೆನಪಿಲ್ವಾ ಶೆಟ್ರೆ? ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿ.ಮೀ. ಮೀಠಿ ನದಿಯ ಬದಿ ತುಂಬಿಸಿ ಕಟ್ಟಿದ್ದಕ್ಕೇ ಅಷ್ಟು ನೀರು ನಿಂತದ್ದು. ಅದೇ ವರ್ಷ ಹೈಕೋರ್ಟು ಕಾಂಡ್ಲಾ ಕಡಿಯಬಾರದು ಅಂತ ಆದೇಶ ಮಾಡಿತು.

ಚೆಂಬೂರ್ ಶೆಟ್ರು: ವಾಶಿಯೇ ಖಾಡಿ ತುಂಬಿಸಿ ಕಟ್ಟಿದ ಊರು. ನೀವು ಕೂತ ಜಾಗ ಯಾವುದು ಹೇಳಿ.

ವಾಶಿ: ಅದಕ್ಕೆ ನಾನೇನು ಮಾಡ್ಲಿ, ಈ ಊರು ಕಟ್ಟಿದ ಸಿಡ್ಕೋದವರನ್ನು ಕೇಳಿ!

ಕಾಂದಿವ್ಲಿ: ಸರ್, ಅಡೀನಿಯಂ ಕೊಳೆತಕ್ಕೆ ಅರಿಶಿನ ಹಚ್ಚಬಹುದಾ? ಫಾರ್ವರ್ಡ್ ಬಂದಿತ್ತು.

ಸರ್: ಮಳೆಯಿಂದ ಒಳಗೆ ತಂದಿರಾ ಇಲ್ಲವಾ?

ಕಾಂದಿವ್ಲಿ: ಇನ್ನೂ ಇಲ್ಲ ಸರ್.

ಸರ್: ಮತ್ತೆ ಅರಿಶಿನ ಯಾಕೆ?

ಘಾಟ್‌ಕೋಪರ್: ಭಾಯ್ಖಳಾ ಝೂನಲ್ಲಿ ಪೆಂಗ್ವಿನ್ ನೋಡಿ ಬಂದ್ವಿ. ಪಾಪ, ಅಂಟಾರ್ಕ್ಟಿಕಾದಿಂದ ಈ ಸೆಕೆಗೆ ತಂದಿದ್ದಾರಲ್ಲ?

ಸರ್: ಅವು ಹಂಬೋಲ್ಟ್ ಪೆಂಗ್ವಿನ್, ಪೆರು ಮತ್ತು ಚಿಲಿ ಕರಾವಳಿಯವು. ಅಲ್ಲಿ ದಡ ಮರುಭೂಮಿ, ಸಮುದ್ರದ ಪ್ರವಾಹ ತಂಪು. ಎರಡಕ್ಕೂ ಹೊಂದಿಕೊಂಡ ಹಕ್ಕಿ. ಕೊಕ್ಕಿನ ಬುಡದಲ್ಲಿ ಗರಿಯಿಲ್ಲದ ಗುಲಾಬಿ ಚರ್ಮ ಕಂಡಿರಬಹುದು, ಮೈಯ ಸೆಕೆ ಅಲ್ಲಿಂದ ಹೊರಗೆ ಹೋಗುತ್ತದೆ. ಆದರೂ ಮುಂಬಯಿ ಸೆಕೆ ಅವುಗಳಿಗಲ್ಲ, ಅದಕ್ಕೇ ಒಳಗೆ ಏಸಿ.

ಮಾಪ್ಸಾ, ಗೋವಾ: ಸರ್, ಕಪ್ಪೆ?

ಮೀರಾ ರೋಡ್: ಕಾಡುಬಸಳೆ ವಿಷ ಅಂತ ಒಂದು ಪುರಾವೆ ಕೊಡಿ. ಯೂಟ್ಯೂಬ್‌ನಲ್ಲಿ ಲಕ್ಷ ಜನ ತಿಂದು ಗುಣ ಆದವರಿದ್ದಾರೆ.

ಸರ್: ಯೂಟ್ಯೂಬ್‌ನಲ್ಲಿ ಮಾತಾಡುವವರು ಬದುಕಿದವರು ಮಾತ್ರ. ಇದೇ ಬಳಗದಲ್ಲಿ ಒಬ್ಬ ಹೆಣ್ಣುಮಗಳು ತಂದೆಯನ್ನು ಕರೆದುಕೊಂಡು ಆಸ್ಪತ್ರೆಯಲ್ಲಿ ಕೂತಿದ್ದಾಳೆ. ಇನ್ನೊಂದು ಫಾರ್ವರ್ಡ್ ಬಂದರೆ ನಾನು ಬಳಗ ಬಿಡುತ್ತೇನೆ.

ಮೀರಾ ರೋಡ್: ಬಿಡುವವರು ನಾವೇ ಬಿಡ್ತೇವೆ ಬಿಡಿ.

*ಮೀರಾ ರೋಡ್ ಬಳಗ ತೊರೆದಿದ್ದಾರೆ.*

ಭಾಯಂದರ್: ಯಾರು ಹೋದ್ರು?

ಡೊಂಬಿವ್ಲಿ: ಸರ್, ಅಡ್ಮಿಟ್ ಮಾಡ್ಕೊಂಡಾರ. ಇಸಿಜಿ ತಗದ್ರು, ನಾಡಿ ಭಾಳ ನಿಧಾನ ಅದ ಅಂದ್ರು. ಗುಳಿಗಿ ಸದ್ಯ ನಿಲ್ಲಿಸ್ಯಾರ, ರಕ್ತದಾಗ ಗುಳಿಗಿ ಎಷ್ಟದ, ಪೊಟಾಸಿಯಂ ಎಷ್ಟದ ಅಂತ ನೋಡ್ತಾರಂತ. ಗಿಡದ ಟೊಂಗಿ ನೋಡಿ ಡಾಕ್ಟ್ರು ಫೋಟೋ ತಗೊಂಡ್ರು. ಅಪ್ಪಾರು ಮಾತ್ರ "ಎಲಿ ಯಾಕ ಹುಳಿ ಅಂತ ಹೇಳಿದ್ರೇನು ನಿಮ್ಮ ಸರ್ರು" ಅಂತ ಕೇಳ್ಲಿಕ್ಕತ್ತಾರ.

ಸರ್: ಸಮಾಧಾನ ಆಯಿತು. ತಂದೆಯವರಿಗೆ ಓದಿ ಹೇಳಿ, ಅವರದ್ದು ದೊಡ್ಡವರ ಸಾಲಿನ ಪ್ರಶ್ನೆ.

ಟಿಪ್ಪು ಬಿದ್ದ ಮೇಲೆ ಬೆಂಗಳೂರಿನ ಲಾಲ್‌ಬಾಗ್ ನೋಡಿಕೊಂಡ ಬೆಂಜಮಿನ್ ಹೇನ್ ಎಂಬ ಈಸ್ಟ್ ಇಂಡಿಯಾ ಕಂಪನಿಯ ಸಸ್ಯಶಾಸ್ತ್ರಜ್ಞ ಇದ್ದ. ಇದೇ ಕಾಡುಬಸಳೆ ಎಲೆ ಬೆಳಿಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆಗೆ ಸ್ವಲ್ಪ ಕಹಿ ಅಂತ ಬಾಯಲ್ಲೇ ಪತ್ತೆಮಾಡಿ ಲಂಡನ್ನಿಗೆ ಪತ್ರ ಬರೆದ. ಅಚ್ಚಾದದ್ದು 1815ರಲ್ಲಿ. ಕಾರಣ ಪೂರ್ತಿ ಬಿಡಿಸಲಿಕ್ಕೆ ಮುಂದಿನವರಿಗೆ ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು.

ಎಲೆಗೆ ಸಣ್ಣ ಬಾಯಿಗಳುಂಟು. ಅನ್ನ ಮಾಡಿಕೊಳ್ಳಲು ಗಾಳಿ ಬೇಕು, ಗಾಳಿಗೆ ಬಾಯಿ ತೆರೆದರೆ ಒಳಗಿನ ನೀರು ಆವಿಯಾಗಿ ಹೋಗುತ್ತದೆ. ಒಣ ಊರಿನಲ್ಲಿ ಹಗಲು ಬಾಯಿ ತೆರೆದರೆ ಸತ್ತ ಹಾಗೆ. ಹಾಗಾಗಿ ಈ ಗಿಡ ರಾತ್ರಿ ತಂಪಿನಲ್ಲಿ ಬಾಯಿ ತೆರೆದು ಇಂಗಾಲದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲ ಮಾಡಿ ದಾಸ್ತಾನು ಇಡುತ್ತದೆ. ಹಸಿ ಸೇಬಿನ ಹುಳಿಯೂ ಅದೇ ಆಮ್ಲ. ಬೆಳಗಾದರೆ ಬಾಯಿ ಮುಚ್ಚಿ, ದಾಸ್ತಾನು ಬಿಚ್ಚಿ, ಬಿಸಿಲಿನಲ್ಲಿ ಅಡುಗೆ. ಸಂಜೆಗೆ ಉಗ್ರಾಣ ಖಾಲಿ, ಎಲೆ ಸಪ್ಪೆ. ಕ್ಯಾಕ್ಟಸ್, ಅನಾನಸ್, ಬೆಳಿಗ್ಗೆ ಬಂದ ಸ್ನೇಕ್ ಪ್ಲಾಂಟ್, ಎಲ್ಲ ಇದೇ ಲೆಕ್ಕದವು. ಅಮೆರಿಕದ ಕ್ಯಾಕ್ಟಸ್ಸಿಗೂ ಮಡಗಾಸ್ಕರಿನ ಬಸಳೆಗೂ ನೆಂಟಸ್ತಿಕೆ ಇಲ್ಲ. ಬರ ಒಂದೇ, ಇಬ್ಬರೂ ಬೇರೆ ಬೇರೆಯಾಗಿ ಅದೇ ಉಪಾಯ ಕಂಡುಕೊಂಡರು.

ಇನ್ನು ಯಾರೂ ನಾಲಿಗೆಯಲ್ಲಿ ನೋಡಬೇಡಿ. ಐರೋಲಿ ತಾಯಿ, ಮಗುವಿಗೆ ಪಿಎಚ್ ಕಾಗದ ತೆಗೆದುಕೊಡಿ, ಹುಳಿ ಹೆಚ್ಚಿದಷ್ಟೂ ಅದರ ಬಣ್ಣ ಹಳದಿಯಿಂದ ಕೆಂಪಿನ ಕಡೆಗೆ ತಿರುಗುತ್ತದೆ. ಎಲೆ ಹಿಂಡಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಆಮೇಲೆ ಕೈ ತೊಳೆಯಲಿ.

ಠಾಣೆ: ಸರ್, ಕ್ಯಾಕ್ಟಸ್ ಒಳಗಿಟ್ಟೆ. ಈಗ ಎಷ್ಟು ದಿನಕ್ಕೊಮ್ಮೆ ನೀರು?

*ಬುಧವಾರ*

ಡೊಂಬಿವ್ಲಿ: ಸರ್, ಅಪ್ಪಾರು ಇವತ್ತು ಮನಿಗೆ ಬಂದ್ರು. ಗುಳಿಗಿ ಅಂಶ ರಕ್ತದಾಗ ಹೆಚ್ಚಿತ್ತಂತ. ಇನ್ನ ಎಲಿ ಮುಟ್ಟಬ್ಯಾಡ್ರಿ ಅಂದಾರ. ಕುಂಡ ಎಸಿಲ್ಯಾ?

ಸರ್: ಎಸೆಯಬೇಡಿ, ಎಸೆದರೆ ಬಿದ್ದ ಒಂದೊಂದು ಎಲೆಯ ಅಂಚಿನಲ್ಲೂ ಮರಿ ಬರುತ್ತದೆ. ಮೇಲಿನ ಶೆಲ್ಫಿನಲ್ಲಿಡಿ, ತಂದೆಯವರ ಕೈಗೆ ಸಿಗದ ಹಾಗೆ.

ಐರೋಲಿ: ಸರ್, ಸೊಸೈಟಿ ಗಾರ್ಡನ್ನಿನ ಪಾನಫುಟಿ ನೋಡಿದೆವು. ಬೆಳಿಗ್ಗೆ ಆರಕ್ಕೆ ಕಾಗದ ಕಿತ್ತಳೆ, ಸಂಜೆ ಹಳದಿ. ಒಂದು ಎಲೆಗೆ ಬೆಳಿಗ್ಗೆನೇ ಕಪ್ಪು ಕಾಗದ ಸುತ್ತಿದ್ದಳು, ನಾನು ಹೇಳಿರಲಿಲ್ಲ. ಅದು ಸಂಜೆಗೂ ಕಿತ್ತಳೆನೇ. ತಪ್ಪಾಯ್ತಾ ಅಂತ ಕೇಳ್ತಿದ್ದಾಳೆ.

ಸರ್: ಫೋನ್ ಮಗುವಿನ ಕೈಗೆ ಕೊಡಿ, ನಾನೇ ಮಾತಾಡುತ್ತೇನೆ.