ಪದಚರ್ಚೆ: ಅಗ್ನಿಶಾಮಕ ಸಿಬ್ಬಂದಿಗೆ ‘ಹುತಾತ್ಮ’ ಎನ್ನಬಹುದೇ?

ಮಾನ್ಯರೇ,

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಸಮೀಪದ ನಮ್ಮೂರಿನ ವಾಚನಾಲಯದಲ್ಲಿ ಏಪ್ರಿಲ್ 14ರ ಅಗ್ನಿಶಾಮಕ ಸೇವಾ ದಿನಕ್ಕೆಂದು ಶ್ರದ್ಧಾಂಜಲಿ ಫಲಕವೊಂದನ್ನು ಬರೆಯಿಸುವವರಿದ್ದೇವೆ. ‘ವೀರಮೃತ್ಯು ವರಿಚ್ಚ’ ಎಂಬ ಮಲಯಾಳದ ಒಕ್ಕಣೆ ಮೊದಲೇ ಸಿದ್ಧವಾಗಿತ್ತು. ಕನ್ನಡದ ಸಾಲಿನ ಹೊಣೆ ನನ್ನದಾಯಿತು. ಅದನ್ನು ‘ವರಿಸಿದ’ ಎಂದು ಹಾಗೆಯೇ ಇಳಿಸಿದರೆ ಮದುವೆಯ ನೆನಪಾಗುತ್ತದೆ. ನಮ್ಮಲ್ಲಿ ಮರಣವನ್ನು ಅಪ್ಪುತ್ತಾರೆ, ಹೊಂದುತ್ತಾರೆ. ಆದುದರಿಂದ ‘ಕರ್ತವ್ಯನಿರತರಾಗಿ ಹುತಾತ್ಮರಾದ ಅಗ್ನಿಶಾಮಕ ಸಿಬ್ಬಂದಿಗೆ ನಮನ’ ಎಂದು ಬರೆದೆ. ಬರೆದ ಮೇಲೆ ಕಣ್ಣು ‘ಹುತಾತ್ಮ’ದಲ್ಲೇ ನಿಂತಿತು.

‘ಹುತ’ ಎಂದರೆ ಅಗ್ನಿಯಲ್ಲಿ ಹೋಮಿಸಿದ್ದು. ಆಹುತಿ, ಹೋಮ, ಹವಿಸ್ಸು ಅದೇ ಧಾತುವಿನವು. ಹುತಾಶನ, ಹುತವಹ ಎಂಬವು ಅಗ್ನಿಯ ಹೆಸರುಗಳೇ. ಸ್ವಾತಂತ್ರ್ಯ ಹೋರಾಟಗಾರರಿಗೆ, ಸೈನಿಕರಿಗೆ ಹೇಳುವಾಗ ‘ಹುತಾತ್ಮ’ ಎಂಬುದು ರೂಪಕ. ಬೆಂಕಿಯಲ್ಲೇ ಜೀವ ಕಳೆದುಕೊಂಡವನಿಗೆ ಹೇಳಿದಾಗ ರೂಪಕ ಕಳಚಿಬಿದ್ದು ಬರಿಯ ವಾಚ್ಯಾರ್ಥ ಉಳಿಯುತ್ತದೆ. ‘ಗೋದಾಮು ಬೆಂಕಿಗೆ ಆಹುತಿ’ ಎಂದು ಪತ್ರಿಕೆಗಳು ಬರೆಯುವ ಮಾತೂ ಇದರ ದಾಯಾದಿಯೇ. ನಂದಿಸಲು ಹೋದವನನ್ನು ಬೆಂಕಿಗೆ ಅರ್ಪಿತನಾದವನೆಂದರೆ ಗೆದ್ದದ್ದು ಬೆಂಕಿಯೇ ಎಂದಂತಾಗುವುದಿಲ್ಲವೇ? ಇಂಥ ಸಾಲನ್ನು ಅವನ ಮನೆಯವರೂ ಓದುತ್ತಾರೆ.

ಈ ದಿನದ ಮೂಲದಲ್ಲಿರುವ ಘಟನೆಯೂ ಶಬ್ದಕ್ಕೆ ಸರಿಯಾಗಿ ಒಗ್ಗುವುದಿಲ್ಲ. 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ, ಹತ್ತಿಯ ಜೊತೆಗೆ ಸ್ಫೋಟಕಗಳನ್ನೂ ಹೊತ್ತಿದ್ದ ಫೋರ್ಟ್ ಸ್ಟಿಕೀನ್ ಹಡಗಿಗೆ ಬಿದ್ದ ಬೆಂಕಿಯನ್ನು ನಂದಿಸುತ್ತಿದ್ದಾಗ ಹಡಗೇ ಸಿಡಿದು 66 ಮಂದಿ ಅಗ್ನಿಶಾಮಕರು ಮಡಿದರು. ಬಾವಿಗಿಳಿದು, ಗೋಡೆ ಕುಸಿದು ಸತ್ತವರೂ ಇದೇ ಸೇವೆಯಲ್ಲಿದ್ದಾರೆ. ಅವರನ್ನು ‘ಹುತ’ ಎನ್ನುವುದು ಹೇಗೆ?

‘ಮಡಿದರು’ ಎಂದು ಈಗ ತಾನಾಗಿಯೇ ಬರೆದೆ, ಅದೇ ನನಗೆ ಹೆಚ್ಚು ಹಿತವೆನಿಸುತ್ತದೆ. ನಮ್ಮ ವೀರಗಲ್ಲುಗಳು ಸತ್ತವನನ್ನು ಹೊಗಳುವ ಮೊದಲು ಅವನು ಮಾಡಿದ್ದನ್ನು ಹೇಳುತ್ತವೆ: ತುರುಗಳನ್ನು ಮರಳಿಸಿ ಸತ್ತನು, ಊರಿಗಾಗಿ ಕಾದಿ ಸತ್ತನು. ಆ ಕ್ರಮದಲ್ಲಿ ‘ಜೀವಗಳನ್ನು ಕಾದು ಮಡಿದ’ ಎನ್ನೋಣವೆಂದರೆ, ‘ಕಾದು’ ಎಂಬುದನ್ನು ಇಂದಿನವರು ‘ನಿರೀಕ್ಷಿಸಿ’ ಎಂದು ಓದಿಯಾರು, ಬೆಂಕಿಯ ಸಂದರ್ಭದಲ್ಲಿ ‘ಬಿಸಿಯಾಗಿ’ ಎಂದೂ ಓದಿಯಾರು. ‘ಕಾಪಾಡಿ’ ಎಂದರೆ ಅರ್ಥ ಸ್ಪಷ್ಟ, ಬಿಗಿ ಕಡಿಮೆ. ‘ಕಾಯ್ದು ಮಡಿದ’ ಎಂಬ ರೂಪ ಫಲಕಕ್ಕೆ ಒಪ್ಪುತ್ತದೆಯೇ? ಅಥವಾ ‘ಹುತಾತ್ಮ’ದ ಮೂಲಾರ್ಥ ಬಳಕೆಯಲ್ಲಿ ಪೂರ್ತಿ ಸವೆದಿದೆಯೆಂದು ಭಾವಿಸಿ ಅದನ್ನೇ ಉಳಿಸಬಹುದೇ? ಬಿಸುವಿಗೆ (ಏಪ್ರಿಲ್ ನಡುವಿನ ಸೌರ ಯುಗಾದಿಗೆ) ಮೊದಲು ಫಲಕ ಬರೆಯುವವರಿಗೆ ಸಾಲನ್ನು ಕೊಡಬೇಕಾಗಿರುವುದರಿಂದ ಬಲ್ಲವರು ದಯವಿಟ್ಟು ತಿಳಿಸಬೇಕು.